ಬಾಣಂತಿ ಕೋಣೆಯ ಗಾಳಿ

ಬಾಣಂತಿ ಮಲಗುವ ಕೋಣೆಯ ಗೋಡೆಗೆ ತೂತು ಹೊಡೆಯುತ್ತೇನೆ ಎಂದು ಹೇಳಿಯೂ ಬೈಸಿಕೊಳ್ಳದೆ ಹೊರಗೆ ಬಂದ ಹೆಂಗಸು ನಮ್ಮ ಶಿರಸಿ ಸೀಮೆಯಲ್ಲಿ ಯಾರಾದರೂ ಇದ್ದರೆ ತೋರಿಸಿ, ಅವಳ ಕಾಲಿಗೆ ಬೀಳುತ್ತೇನೆ. ನಾನಂತೂ ಹೊಟ್ಟೆ ತುಂಬ ಬೈಸಿಕೊಂಡಿದ್ದೇನೆ. ಬೈದವರಿಗೆ ತಿರುಗಿಸಿ ಬೈದೂ ಇದ್ದೇನೆ, ಅದರಲ್ಲೇನೂ ಕಡಿಮೆ ಮಾಡಿಲ್ಲ.

ನನ್ನದು ಕರೆಂಟಿನ ಕೆಲಸ. ಡಿಪ್ಲೊಮಾ ಓದಿ, ಗುತ್ತಿಗೆಯ ಲೈಸೆನ್ಸು ತೆಗೆದುಕೊಂಡು, ಏಣಿ ಹತ್ತಿ ಇಳಿಯಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಮೊದಲು ಮನೆಯ ಬಾಗಿಲಿಗೆ ಹೋಗಿ ನಿಂತರೆ, "ಗಂಡಸರು ಯಾರೂ ಬರ್ಲಿಲ್ವಾ?" ಎಂದು ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು. "ಬಂದಿದ್ದಾರೆ, ಚೀಲದಲ್ಲಿದ್ದಾರೆ, ತೆಗೀಲಾ?" ಎಂದು ಟೆಸ್ಟರ್ ಹೊರಗೆ ತೆಗೆಯುತ್ತಿದ್ದೆ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ನನಗೆ ಕರೆಂಟಕ್ಕ ಎಂದೇ ಹೆಸರು. ಸ್ವಂತ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಕಟ್ಟಡಕ್ಕೆ ಬುದ್ಧಿ ಕಲಿಸುವ ಕೆಲಸ ಹಿಡಿದದ್ದು ಈಚೆಗೆ ನಾಲ್ಕಾರು ವರ್ಷಗಳಿಂದ. ಸ್ಮಾರ್ಟ್ ಬಿಲ್ಡಿಂಗು ಎಂದು ಕಂಪನಿಯವರು ಹೇಳುತ್ತಾರೆ. ನಮ್ಮಲ್ಲಿ ಸ್ಮಾರ್ಟು ಎಂದರೆ ಇಸ್ತ್ರಿ ಅಂಗಿ ಹಾಕಿಕೊಂಡವನು. ಹಾಗಾಗಿ ನಾನು ಗಿರಾಕಿಗಳಿಗೆ ಹೇಳುವುದೇ ಬೇರೆ: ಮನೆಗೆ ಒಬ್ಬಳು ಒಳ್ಳೆಯ ಯಜಮಾನಿ ಇದ್ದರೆ ಏನು ಮಾಡುತ್ತಾಳೋ ಅದನ್ನು ಈ ಪೆಟ್ಟಿಗೆ ಮಾಡುತ್ತದೆ, ಜನ ಇಲ್ಲದ ಕಡೆ ದೀಪ ಆರಿಸುತ್ತದೆ, ಉಸಿರು ಕಟ್ಟಿದರೆ ಕಿಟಕಿ ತೆಗೆಯುತ್ತದೆ, ಅಷ್ಟೇ. ಕಾನಸೂರಿನ ಒಬ್ಬರು ಕಿರಾಣಿ ಅಂಗಡಿಯವರಿಗೆ ಜನ ಓಡಾಡಿದರೆ ಹತ್ತುವ ದೀಪ ಹಾಕಿಕೊಟ್ಟಿದ್ದೆ. ಅವರು ಮಧ್ಯಾಹ್ನ ಉಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆಂದರೆ ಕಲ್ಲು. ದೀಪ ಆರುತ್ತಿತ್ತು, ಅಂಗಡಿ ಮುಚ್ಚಿದೆ ಎಂದು ಗಿರಾಕಿ ವಾಪಸ್ಸು ಹೋಗುತ್ತಿದ್ದರು. "ಅಕ್ಕಾ, ನಾನು ಬದುಕಿದ್ದೇನೆ ಅಂತ ನಿಮ್ಮ ದೀಪಕ್ಕೆ ತೋರಿಸ್ಲಿಕ್ಕೆ ಕೂತಲ್ಲೇ ಕೈಕಾಲು ಆಡಿಸ್ಬೇಕನಾ?" ಎಂದು ಫೋನು ಮಾಡಿದರು. ನಿದ್ದೆ ಬಿಡಿ ಎಂದೆ. ಆಮೇಲೆ ಹೋಗಿ ಸೆನ್ಸರನ್ನು ಬಾಗಿಲ ಕಡೆಗೆ ತಿರುಗಿಸಿ ಬಂದೆ.

ಶಿರಸಿಯ ಆ ಹೆರಿಗೆ ಆಸ್ಪತ್ರೆಯ ಕೆಲಸ ಬಂದದ್ದು ಹೀಗೆ ನಾಲ್ಕು ಜನರ ಬಾಯಿಯಿಂದಲೇ. ಚಿಕ್ಕ ಆಸ್ಪತ್ರೆ, ಬಾಣಂತಿಯರಿಗೆ ನಾಲ್ಕು ಕೋಣೆ, ನಡೆಸುವವರು ಒಬ್ಬರೇ ಡಾಕ್ಟರಮ್ಮ. ನನಗಿಂತ ಸ್ವಲ್ಪ ದೊಡ್ಡವರು, ಬಾಯಿಯೂ ನನಗಿಂತ ಸ್ವಲ್ಪ ದೊಡ್ಡದು. ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, "ಮೂಗಿದೆಯಲ್ಲ, ಎಳಿ" ಎಂದರು. ಎಳೆದೆ. ಎಳ್ಳೆಣ್ಣೆ, ಬೆಳ್ಳುಳ್ಳಿ, ಸಾಂಬ್ರಾಣಿ, ಹಾಲು, ನಾಲ್ಕು ಜನರ ಉಸಿರು, ಎಲ್ಲ ಸೇರಿ ಗಟ್ಟಿಯಾದಂತಿತ್ತು. ಕಿಟಕಿಗಳು ಮುಚ್ಚಿ ಬೋಲ್ಟು ಹಾಕಿದ್ದವು. ಮೂಲೆಯಲ್ಲಿ ಹೀಟರು ಉರಿಯುತ್ತಿತ್ತು. "ಕಿಟಕಿ ತೆಗಿ ಅಂದ್ರೆ ಚಳಿ ಅಂತಾರೆ. ನಾನು ಆಚೆ ಹೋದ ಕೂಡಲೇ ಮುಚ್ತಾರೆ. ಹಗಲೂ ರಾತ್ರಿ ಹೀಟರು ಉರೀತದೆ, ನರ್ಸುಗಳಿಗೆ ತಲೆನೋವು, ಮಕ್ಕಳಿಗೆ ಮೂಗು ಕಟ್ಟೋದು. ಕಿಟಕಿ ತೆಗೀದೆ ಗಾಳಿ ಒಳಗೆ ಬರೋ ಹಾಗೆ ಮಾಡ್ತೀಯಾ?"

ಮಾಡುತ್ತೇನೆ ಎಂದೆ, ಮಾಡಿದೆ. ತಾರಸಿಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಕೂರಿಸಿದೆ. ಕೋಣೆಯ ಹಳಸಿದ ಗಾಳಿ ಒಂದು ಕೊಳವೆಯಲ್ಲಿ ಹೊರಗೆ ಹೋಗಬೇಕು, ಹೊರಗಿನದು ಶೋಧಿಸಿಕೊಂಡು ಇನ್ನೊಂದರಲ್ಲಿ ಒಳಗೆ ಬರಬೇಕು. ಪೆಟ್ಟಿಗೆಯೊಳಗೆ ತೆಳ್ಳನೆಯ ಹಾಳೆಗಳ ಆಚೆ ಈಚೆ ಅವೆರಡೂ ಹಾದು ಹೋಗುತ್ತವೆ. ಒಂದಕ್ಕೊಂದು ಬೆರೆಯುವುದಿಲ್ಲ, ಆದರೆ ಹೋಗುವುದರ ಬಿಸಿ ಬರುವುದಕ್ಕೆ ದಾಟುತ್ತದೆ. ಹೀಟರಿಗೆ ಅರ್ಧ ಕೆಲಸ ಕಡಿಮೆ. ಪ್ರತಿ ಕೋಣೆಯ ಗೋಡೆಗೂ ಅಂಗೈಯಗಲದ ಒಂದು ಬಿಳಿ ಡಬ್ಬಿ, ಗಾಳಿ ನೋಡುವ ಸೆನ್ಸರು. ಗಾಳಿ ಚೆನ್ನಾಗಿದ್ದರೆ ಅದರಲ್ಲಿ ಹಸಿರು ದೀಪ, ಹಳಸುತ್ತ ಬಂದರೆ ಹಳದಿ, ಕೆಟ್ಟರೆ ಕೆಂಪು. ದೀಪ ಬಣ್ಣ ಬದಲಿಸಿದಂತೆ ತಾರಸಿಯ ಫ್ಯಾನು ತಾನೇ ಜೋರಾಗುತ್ತದೆ, ತಾನೇ ನಿಧಾನವಾಗುತ್ತದೆ. ಯಾವ ಕೋಣೆಯಲ್ಲಿ ಯಾವಾಗ ಏನಾಯಿತು ಎಂಬುದು ಗೆರೆಯಾಗಿ ನನ್ನ ಫೋನಿನಲ್ಲೂ ಡಾಕ್ಟರಮ್ಮನ ಫೋನಿನಲ್ಲೂ ಕಾಣುತ್ತದೆ.

ಒಂದು ವಿಷಯದಲ್ಲಿ ನನಗೆ ಭಾರೀ ಹೆಮ್ಮೆ. ಕಂಪನಿಯಿಂದ ಬಂದ ಜಾಲರಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಹೆಂಗಸರಿಗೆ ಓದಲು ಬರಬೇಕಲ್ಲ ಎಂದು ನಾನು ಪೇಟೆಯ ಪ್ರೆಸ್ಸಿಗೆ ಹೋಗಿ ಕನ್ನಡದಲ್ಲಿ ಸ್ಟಿಕರು ಹೊಡೆಸಿದೆ. ಒಂದರ ಮೇಲೆ "ಗಾಳಿ ಹೊರಹೋಗುವ ದಾರಿ." ಇನ್ನೊಂದರ ಮೇಲೆ "ಗಾಳಿ ಒಳಬರುವ ದಾರಿ." ದೊಡ್ಡ ಅಕ್ಷರ, ಕೆಂಪು ಬಣ್ಣ. ನಾನೇ ಕೈಯಾರೆ ಅಂಟಿಸಿ, ಗುಳ್ಳೆ ಬರದ ಹಾಗೆ ಬಟ್ಟೆಯಲ್ಲಿ ಒತ್ತಿ ಉಜ್ಜಿದೆ. ಒಳಬರುವ ದಾರಿ ಬಾಣಂತಿಯ ಮಂಚದ ತಲೆದೆಸೆಗೇ ಇತ್ತು, ಒಳ್ಳೆಯ ಗಾಳಿ ಮೊದಲು ಅವಳಿಗೇ ಸಿಗಲಿ ಎಂದು.

ಮೊದಲ ವಾರ ಡಬ್ಬಿಯದೇ ಗಲಾಟೆ. ಅದು ಕ್ಯಾಮೆರಾ ಎಂದು ಸುದ್ದಿ ಹಬ್ಬಿತು. ಹಾಲು ಕುಡಿಸುವ ಹೆಂಗಸರಿರುವ ಕೋಣೆ, ಭಯ ಬೀಳುವುದು ನ್ಯಾಯವೇ. ಒಂದು ದಿನ ಹೋಗಿ ನೋಡುತ್ತೇನೆ, ಡಬ್ಬಿಗೆ ಯಾರೋ ಮಗುವಿನ ಕುಲಾವಿ ತೊಡಿಸಿ ಗಲ್ಲದ ಕೆಳಗೆ ದಾರ ಕಟ್ಟುವ ಹಾಗೆ ಕಟ್ಟಿದ್ದಾರೆ! ನಗು ತಡೆಯಲಿಲ್ಲ. ಡಬ್ಬಿ ಬಿಚ್ಚಿ, ಒಳಗೆ ಕಣ್ಣಿಲ್ಲ ಮೂಗು ಮಾತ್ರ ಇದೆ ಎಂದು ನಾಲ್ಕೂ ಕೋಣೆಯವರಿಗೆ ತೋರಿಸಿದೆ. ಅಲ್ಲಿಗೆ ಆ ಕಥೆ ಮುಗಿಯಿತು.

ಎರಡನೇ ವಾರಕ್ಕೆ ನಿಜವಾದ ತಲೆನೋವು ಶುರುವಾಯಿತು. ಫೋನು ತೆಗೆದರೆ ನಾಲ್ಕೂ ಕೋಣೆ ಕೆಂಪು. ಫ್ಯಾನು ಒಂದೇ ಸಮನೆ ಮೈಮೇಲೆ ಬಂದವರಂತೆ ತಿರುಗುತ್ತಿದೆ, ಆದರೂ ಕೆಂಪು. ಕರೆಂಟು ಉಳಿಸಲು ಹಾಕಿದ ಪೆಟ್ಟಿಗೆಯೇ ಕರೆಂಟು ತಿನ್ನುತ್ತಿದೆ. ಎರಡು ಸಲ ಹೋದೆ, ಎರಡು ಸಲವೂ ಡಾಕ್ಟರಮ್ಮನ ಜೊತೆಯಲ್ಲೇ ಕೋಣೆ ಹೊಕ್ಕೆ. ಕೊಳವೆ ಸರಿ, ಫ್ಯಾನು ಸರಿ, ಜಾಲರಿ ಸ್ವಚ್ಛ. ನಾವು ನೋಡುತ್ತ ನಿಂತಂತೆಯೇ ದೀಪ ಹಳದಿಯಾಗಿ ಹಸಿರಿನ ಕಡೆ ಹೊರಳುತ್ತಿತ್ತು. "ನೀನು ಬಂದ್ರೆ ಸರಿ ಇರ್ತದೆ, ಹೋದ್ರೆ ಕೆಡ್ತದೆ. ಇದು ಮಷೀನೋ, ಶಾಲೆಗೆ ಹೋಗೋ ಮಕ್ಕಳೋ?" ಎಂದರು ಡಾಕ್ಟರಮ್ಮ. ಕಂಪನಿಯ ಸಾಮಾನೇ ಸರಿಯಿಲ್ಲವೇನೋ ಎಂದು ನಾನು ಬಾಯಿ ತೆಗೆದೆ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಮುಚ್ಚಿಸಿದರು. ಮೈ ಉರಿದುಹೋಯಿತು.

ಇಷ್ಟೇ ಆಗಿದ್ದರೆ ನನ್ನ ಮಾನದ ಪ್ರಶ್ನೆ ಮಾತ್ರ. ಆದರೆ ಅದೇ ದಿನಗಳಲ್ಲಿ ಮೂರನೇ ಕೋಣೆಗೆ ಒಬ್ಬಳು ಹುಡುಗಿ ಬಂದಳು. ತವರು ಕೋಲಸಿರ್ಸಿ, ಕೊಟ್ಟ ಮನೆ ನಂದೊಳ್ಳಿ. ಚೊಚ್ಚಲ ಹೆರಿಗೆ, ದಿನ ತುಂಬುವ ಮೊದಲೇ ಆಗಿಬಿಟ್ಟಿತ್ತು. ಕೈಯಷ್ಟು ಮಗು, ಅದನ್ನು ಪಕ್ಕದ ಕೋಣೆಯಲ್ಲಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಆಸ್ಪತ್ರೆಗೆ ಬಂದ ಮೇಲೆ ದಿನದಿಂದ ದಿನಕ್ಕೆ ಜಾಸ್ತಿಯೇ ಆಗುತ್ತಿತ್ತು. ಎದೆಯೊಳಗೆ ಸಿಳ್ಳೆ ಹೊಡೆದಂತೆ ಶಬ್ದ, ಬಾಗಿಲಲ್ಲಿ ನಿಂತವರಿಗೂ ಕೇಳಬೇಕು. ಔಷಧಿಯ ಹಬೆ ಹಿಡಿದರೆ ಎರಡು ತಾಸು ಇಳಿಯುತ್ತದೆ, ಮತ್ತೆ ಏರುತ್ತದೆ. ಅವಳ ತಾಯಿಗೆ ಮನೆ ಕೊಟ್ಟಿಗೆ ಬಿಟ್ಟು ಬರಲು ಆಗದ್ದರಿಂದ ಹತ್ತಿರ ಕೂತವರು ತಾಯಿಯ ತಾಯಿ, ಎಂಬತ್ತರ ಹತ್ತಿರದ ಅಜ್ಜಿ. ಸಣಕಲು ಜೀವ, ಬಿಳಿ ಕೂದಲಿನ ಪುಟ್ಟ ಗಂಟು, ಕಣ್ಣು ಮಾತ್ರ ಯಾವ ಸೆನ್ಸರಿಗೂ ಕಡಿಮೆ ಇಲ್ಲ.

ಒಂದು ಸಂಜೆ ಡಾಕ್ಟರಮ್ಮ ಫೋನು ಮಾಡಿದರು. ಯಾವಾಗಿನ ಹಾಗೆ ಬೈಯಲಿಲ್ಲ, ಅದೇ ನನಗೆ ಹೆದರಿಕೆ. "ನೋಡು, ನಿನ್ನ ಪೆಟ್ಟಿಗೆ ಹೊರಗಿನ ಧೂಳು, ಥಂಡಿ ತಂದು ಅವಳ ಮೇಲೆ ಸುರೀತಾ ಇದೆಯೋ ಏನೋ ಅಂತ ನಂಗೆ ಅನುಮಾನ. ನಾಳೆ ಬೆಳಿಗ್ಗೆ ರೌಂಡಿಗೆ ಬಂದಾಗಲೂ ಹಿಂಗೇ ಇದ್ರೆ ಅವಳನ್ನ ಹುಬ್ಬಳ್ಳಿಗೆ ಕಳಿಸ್ತೇನೆ. ಮಗೂನ ಆ ದಾರಿಯಲ್ಲಿ ಕಳಿಸ್ಲಿಕ್ಕೆ ಆಗೂದಿಲ್ಲ, ಅದು ಇಲ್ಲೇ ಇರ್ಬೇಕು. ಹುಡುಗಿ ಅಳ್ತಾ ಇದ್ದಾಳೆ. ನಿನ್ನ ಪೆಟ್ಟಿಗೆ ನಾಳೇನೇ ಕಿತ್ತು ಹಾಕ್ಸು."

ಪೆಟ್ಟಿಗೆ ಹಾಳಾಗಿ ಹೋಗಲಿ. ಮೊಲೆಹಾಲು ಬಂದಿರುವ ತಾಯಿ ಹುಬ್ಬಳ್ಳಿಯಲ್ಲಿ, ಕೈಯಷ್ಟು ಮಗು ಶಿರಸಿಯಲ್ಲಿ! ಅದಕ್ಕೆ ನಾನು ಕಾರಣಳೇ? ತಟ್ಟೆ ಸರಿಸಿ ಫೋನು ಹಿಡಿದು ಕೂತೆ. ಮೂರನೇ ಕೋಣೆಯ ಗೆರೆಯನ್ನು ಹಿಂದಿನ ದಿನಗಳಿಂದ ಹಿಡಿದು ನೋಡುತ್ತ ಬಂದೆ. ಇಡೀ ದಿನ ಕೆಂಪು. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಗೆರೆ ಇಳಿಯುತ್ತದೆ, ಹತ್ತು ಗಂಟೆಗೆ ಮತ್ತೆ ಏರುತ್ತದೆ. ಸಂಜೆ ಐದಕ್ಕೆ ಇಳಿಯುತ್ತದೆ, ಐದೂವರೆಗೆ ಏರುತ್ತದೆ. ಉಳಿದ ಮೂರು ಕೋಣೆಗಳಲ್ಲೂ ಅದೇ ಆಟ, ಅದೇ ಹೊತ್ತು. ಒಂಬತ್ತೂವರೆ ಮತ್ತು ಐದು ಗಂಟೆ ಎಂದರೆ ಡಾಕ್ಟರಮ್ಮ ರೌಂಡಿಗೆ ಬರುವ ಹೊತ್ತು! ಡಾಕ್ಟರು ಕೋಣೆ ಹೊಕ್ಕರೆ ಗಾಳಿ ಶುದ್ಧವಾಗುತ್ತದೆ, ಅವರು ಹೋದರೆ ಕೆಡುತ್ತದೆ. ಅವರೇನು ತುಳಸಿ ಗಿಡವೇ? ಯಾರೋ ಏನೋ ಮಾಡುತ್ತಿದ್ದಾರೆ, ಡಾಕ್ಟರಮ್ಮನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಬಿಚ್ಚಿಡುತ್ತಿದ್ದಾರೆ. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವ ಜನ.

ಮರುದಿನ ಬೆಳಿಗ್ಗೆ ಆರೂವರೆಗೆ, ಇಬ್ಬನಿಯಲ್ಲಿ ಸ್ಕೂಟರಿನ ದೀಪ ಹಾಕಿಕೊಂಡು ಹೋದೆ. ಚಪ್ಪಲಿ ಹೊರಗೇ ಬಿಟ್ಟೆ. ಮೂರನೇ ಕೋಣೆಯ ಬಾಗಿಲು ತಟ್ಟದೆ ತೆಗೆದೆ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಗುವುದಿಲ್ಲ. ಭುಜ ಎರಡೂ ಏರುತ್ತಿದ್ದವು, ಇಳಿಯುತ್ತಿದ್ದವು. ಮಂಚದ ಕೆಳಗೆ ಸಾಂಬ್ರಾಣಿಯ ಬಟ್ಟಲು ಹೊಗೆಯಾಡುತ್ತಿತ್ತು. ತಲೆದೆಸೆಯ ಜಾಲರಿ ತೆಗೆದು ಕೆಳಗಿಟ್ಟಿತ್ತು. ಆ ತೂತಿನಲ್ಲಿ ಹಳೆಯ ನೂಲಿನ ಸೀರೆಯೊಂದನ್ನು ಮಡಚಿ, ಸುತ್ತಿ, ಒಂದು ಎಳೆಯಷ್ಟು ಸಂದಿಯೂ ಉಳಿಯದಂತೆ ಗಿಡಿದಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ ನನ್ನ ಕೈಕೆಳಗಿನವರೂ ಮಾಡಿದ್ದಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಅಜ್ಜೀ! ಇದನ್ನ ತುರುಕಿದ್ದು ಯಾರು?"

"ಆನೇ ತುರುಕಿದ್ದು" ಎಂದರು ಅಜ್ಜಿ, ನಾನೇ ಎಂದು ತಮ್ಮ ಎದೆ ಮುಟ್ಟಿಕೊಂಡು. ಕೂತಲ್ಲಿಂದ ಏಳಲೂ ಇಲ್ಲ.

"ಯಾಕೆ ತುರುಕಿದ್ರಿ? ಇಲ್ಲಿ ಇವಳಿಗೆ ಉಸಿರಾಡ್ಲಿಕ್ಕೆ ಆಗ್ತಾ ಇಲ್ಲ, ನೀವು ದಾರಿ ಮುಚ್ಚಿ ಕೂತಿದ್ದೀರಲ್ಲ!"

"ಎಂತಕ್ಕೆ ಹೇಳಿ ಯನ್ನ ಕೇಳದು ಎಂತಕ್ಕೆ? ನೀನೇ ಬರದು ಅಂಟಿಸಿದ್ದೆ. ಓದು."

ಕೆಳಗಿಟ್ಟಿದ್ದ ಜಾಲರಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ಕೆಂಪು ಅಕ್ಷರ, ಒಂದು ಗುಳ್ಳೆ ಇಲ್ಲ. "ಗಾಳಿ ಒಳಬರುವ ದಾರಿ."

"ಯಂಗೆ ಓದಲೆ ಬತ್ತು. ನಾಕ್ನೇ ಇಯತ್ತೆವರಿಗೆ ಶಾಲೆಗೆ ಹೋದವಳು. ಬಾಳಂತಿಗೆ ಗಾಳಿ ತಾಗಲಾಗ ಹೇಳಿ ಊರಿಗೇ ಗೊತ್ತಿದ್ದು. ನೀನು ಅದರ ತಲೆ ಮೇಲೇ ಗಾಳಿಗೆ ದಾರಿ ಮಾಡಿ, ಹೆಸರು ಬೇರೆ ಬರದ್ದೆ. ಬಾ ಹೇಳಿ ಕರದಾಂಗೆ! ಎಂತಾ ಗಾಳಿ ಹೇಳಿ ಬರದ್ದಿಲ್ಲೆ. ಬಪ್ಪ ಗಾಳಿಯೆಲ್ಲ ಒಳ್ಳೆದೇ ಬತ್ತು ಹೇಳಿ ನಿಂಗೆ ಯಾರು ಹೇಳಿದ್ದು?"

ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಗಾಳಿ ಎಂದರೆ ಬೀಸುವುದೊಂದೇ ಅಲ್ಲ, ಸೋಕುವುದೂ ಗಾಳಿಯೇ. ಸಂಜೆ ಹೊತ್ತು ಹುಣಸೆ ಮರದ ಕೆಳಗೆ ಹೋದರೆ ಗಾಳಿ ಮೆಟ್ಟೀತು ಎಂದು ನನ್ನ ಅಮ್ಮ ನನಗೆ ಹೇಳಿದ್ದಾಳೆ. ಎಳೆ ಮಗು ಬೆಚ್ಚಿ ಅತ್ತರೆ ಗಾಳಿ ಹಿಡಿಯಿತು ಎಂದು ನಾನೇ ಉಪ್ಪು ನಿವಾಳಿಸಿದ್ದೇನೆ. ಇದೇ ಸೀಮೆಯಲ್ಲಿ ಹುಟ್ಟಿ, ಇಲ್ಲೇ ಹೆತ್ತು, ಬಾಣಂತಿಯ ತಲೆದೆಸೆಗೆ ಇಂಥ ಬೋರ್ಡು ತೂಗುಹಾಕಿದ್ದೆನಲ್ಲ. ಇಂಗ್ಲಿಷು ಹಾಗೇ ಇದ್ದಿದ್ದರೆ ಯಾರೂ ಓದುತ್ತಿರಲಿಲ್ಲ, ಯಾರೂ ಮುಚ್ಚುತ್ತಲೂ ಇರಲಿಲ್ಲ.

ಉಗುರು ಹಾಕಿ ಸ್ಟಿಕರನ್ನು ಕಿತ್ತೆ. ಗಟ್ಟಿಯಾಗಿ ಅಂಟಿಸಿದ್ದು, ಚೂರು ಚೂರಾಗಿ ಬಂತು. "ಬರೆದದ್ದು ನನ್ನ ತಪ್ಪು ಅಜ್ಜಿ" ಎಂದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಅಷ್ಟು ಸುಲಭಕ್ಕೆ ಬರುವ ಮಾತಲ್ಲ. "ಈಗ ಬಟ್ಟೆ ತೆಗೀಲಾ?"

"ಹೆಸರು ಕಿತ್ತರೆ ಗಾಳಿ ನಿಲ್ತಾ? ತೆಗಿಯಡ."

ಡಬ್ಬಿಯ ಕೆಂಪು ದೀಪ ತೋರಿಸಿದೆ. "ಪೆಟ್ಟಿಗೆ ನಿಂದು, ದೀಪ ನಿಂದು. ನೀ ಹೇಳ್ದಂಗೇ ಕೇಳ್ತು" ಎಂದರು. ಸಾಂಬ್ರಾಣಿ ಹೊಗೆ ಉಬ್ಬಸಕ್ಕೆ ವಿಷ ಎಂದೆ. ತಾನು ಆರು ಬಾಣಂತನ ಮಾಡಿಸಿದವಳು ಎಂದರು. ನಾನು ಕಲಿತ ವಿದ್ಯೆಯೆಲ್ಲ ಆ ಸಣಕಲು ಮುದುಕಿಯ ಎದುರು ಕೈಕಟ್ಟಿ ನಿಂತಿತು. ಅಷ್ಟರಲ್ಲಿ ಹುಡುಗಿ ಕೆಮ್ಮಲು ಶುರುಮಾಡಿದಳು. ಕೆಮ್ಮು ನಿಂತ ಮೇಲೆ ಒಂದೊಂದೇ ಶಬ್ದ ಎತ್ತಿ ಇಟ್ಟಂತೆ, "ಅಮ್ಮಮ್ಮಾ... ಹುಬ್ಬಳ್ಳಿಗೆ... ಹೋಗ್ತಿಲ್ಲೆ... ಯನ್ನ ಪಾಪು..." ಎಂದಳು. ಅಜ್ಜಿ ಅವಳ ಬೆನ್ನು ನೀವುತ್ತ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಈಗ ಜಗಳ ಇರಲಿಲ್ಲ, ಬರೀ ಹೆದರಿಕೆ.

ಆಗ ನನಗೆ ಹೊಳೆಯಿತು. ವಾದ ಮಾಡಿ ಪ್ರಯೋಜನವಿಲ್ಲ, ಇವರು ಎಣ್ಣೆ ನೀರಿನ ಹದವನ್ನು ಕೈಯಲ್ಲಿ ನೋಡಿ ಬೆಳೆದವರು. "ಅಜ್ಜಿ, ದೀಪ ಬೇಡ, ನನ್ನ ಮಾತೂ ಬೇಡ. ನಿಮ್ಮ ಕೈ ನಂಬ್ತೀರಲ್ಲ? ಬನ್ನಿ."

ಕಿಟಕಿಯ ಒಂದು ಬಾಗಿಲನ್ನು ಎರಡು ಬೆರಳಿನಷ್ಟು ತೆಗೆದೆ. ಅಜ್ಜಿ ಮುಂಗೈ ತಿರುಗಿಸಿ ಸಂದಿಗೆ ಹಿಡಿದರು, ಮಗುವನ್ನು ಮೀಯಿಸುವ ನೀರು ನೋಡುವ ಹಾಗೆ. ಕೂಡಲೇ ಹಿಂದೆಳೆದುಕೊಂಡು, "ಸುಡ್ಲಿ, ಎಂತ ಥಂಡಿ!" ಎಂದರು. ಕಿಟಕಿ ಹಾಕಿದೆ. ಕುರ್ಚಿ ತಂದು ತಲೆದೆಸೆಯ ತೂತಿನ ಕೆಳಗಿಟ್ಟು, ಅವರ ಸೊಂಟ ಹಿಡಿದು ಹತ್ತಿಸಿದೆ. ಸೀರೆಯ ಗಂಟನ್ನು ನಾನು ಮುಟ್ಟಲಿಲ್ಲ. "ನೀವೇ ತೆಗೀರಿ. ಥಂಡಿ ಬಂದ್ರೆ ನೀವೇ ವಾಪಸ್ಸು ತುರುಕಿ, ನಾನು ಒಂದು ಮಾತು ಆಡೂದಿಲ್ಲ" ಎಂದೆ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಬಟ್ಟೆ ಎಳೆದು, ಮುಂಗೈಯನ್ನು ತೂತಿಗೆ ಹಿಡಿದರು. ಹಿಡಿದೇ ಇದ್ದರು. ಕೈ ಬದಲಿಸಿ ಇನ್ನೊಂದನ್ನು ಹಿಡಿದರು. ಕೊನೆಗೆ ಬೆರಳ ತುದಿ ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಅದನ್ನೂ ಹಿಡಿದರು.

"ತಣ್ಣಗಿಲ್ಲೆ ಅಲೆ!"

"ಇಲ್ಲ."

"ಹೊರಗಿಂದು ಹೊರಗೆ ಅಷ್ಟು ಥಂಡಿ, ಒಳಗೆ ಬಂದು ಹೆಂಗೆ ಹಿಂಗಾತು?"

ಹೋಗುವ ಗಾಳಿ ತನ್ನ ಬಿಸಿಯನ್ನು ಬರುವ ಗಾಳಿಯ ಕೈಗೆ ಕೊಟ್ಟು ಹೋಗುತ್ತದೆ ಎಂದೆ. ಅಜ್ಜಿ ಕುರ್ಚಿಯ ಮೇಲಿಂದಲೇ ನನ್ನನ್ನು ಬಗ್ಗಿ ನೋಡಿ, "ಹಂಗಾರೆ ನಿನ್ನ ಪೆಟ್ಟಿಗೆಗೆ ಅತ್ತೆ ಮನೆಯವಕ್ಕಿಂತ ಬುದ್ಧಿ ಇದ್ದು" ಎಂದರು. ಆ ಉಸಿರುಗಟ್ಟುವ ಹುಡುಗಿಯೂ ಒಂದು ಸಲ ನಕ್ಕಳು. ಅಜ್ಜಿ ಇಳಿದು ಬಂದು, ಹೇಳದೆ ಕೇಳದೆ ಸಾಂಬ್ರಾಣಿ ಬಟ್ಟಲನ್ನು ಎತ್ತಿಕೊಂಡು ಹೋಗಿ ಹೊರಗಿಟ್ಟು ನೀರು ಹಾಕಿದರು. "ಡಾಕ್ಟ್ರು ಬಪ್ಪವರಿಗೆ ತೂತು ಹಂಗೇ ಬಿಡ್ತಿ ನೋಡು. ಕೂಸಿಗೆ ಎಂತಾರೂ ಆತೋ, ನಿನ್ನ ಬಿಡ್ತಿಲ್ಲೆ."

ಇನ್ನು ಎರಡೂವರೆ ತಾಸು ಇತ್ತು. ನರ್ಸು ಬಂದು ಔಷಧಿಯ ಹಬೆ ಹಿಡಿಸಿ ಹೋದಳು. ಅಜ್ಜಿ ಮಂಚದ ಒಂದು ಬದಿ, ನಾನು ಇನ್ನೊಂದು ಬದಿ. ಅವರು ಹತ್ತು ನಿಮಿಷಕ್ಕೊಮ್ಮೆ ಎದ್ದು, ಕುರ್ಚಿ ಹತ್ತಿ, ಕೈ ಹಿಡಿದು ನೋಡಿ ಇಳಿಯುತ್ತಿದ್ದರು. ನಾನು ಡಬ್ಬಿಯನ್ನು ನೋಡುತ್ತಿದ್ದೆ. ಕೆಂಪು ಹೋಗಿ ಹಳದಿ ಬಂತು. ಹಳದಿ ಅಲ್ಲೇ ನಿಂತುಬಿಟ್ಟಿತು. ಹೇಳಲು ಹೋದರೆ ನಾನು ಬಹಳ ಧೈರ್ಯದವಳೇ, ಮೂರು ಫೇಸಿನ ತಂತಿ ಮುಟ್ಟಲು ಹೆದರಿದವಳಲ್ಲ. ಆದರೆ ಆವತ್ತು ಆ ಹಳದಿ ಚುಕ್ಕೆಗೆ ಹೆದರಿ ಕೂತಿದ್ದೆ. ಏಳೂಮುಕ್ಕಾಲಿಗೆ ಹಸಿರು ಬಂತು. ತಾರಸಿಯ ಮೇಲೆ ಫ್ಯಾನಿನ ಆರ್ಭಟ ಇಳಿದದ್ದು ಕಿವಿಗೇ ಗೊತ್ತಾಯಿತು. ಹುಡುಗಿಯ ಸಿಳ್ಳೆ ಹಬೆ ಹಿಡಿಸಿದಾಗ ಇಳಿದದ್ದು, ಒಂಬತ್ತು ಗಂಟೆಯಾದರೂ ಮತ್ತೆ ಏರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡುತ್ತ ನಿದ್ದೆ ಹೋದಳು.

ಒಂಬತ್ತೂವರೆಗೆ ಡಾಕ್ಟರಮ್ಮ ಬಂದರು. ನನ್ನನ್ನು ನೋಡಿ ಹುಬ್ಬೇರಿಸಿದರು. ಹುಡುಗಿಯನ್ನು ಎಬ್ಬಿಸಿ, ಎದೆಗೆ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಕಿವಿಯಿಂದ ತೆಗೆದು ಕೊರಳಿಗೆ ಹಾಕಿಕೊಂಡು, "ಹುಬ್ಬಳ್ಳಿ ಬೇಡ. ಈ ದಿನ ನೋಡುವಾ. ಸಂಜೆಗೂ ಹಿಂಗೇ ಇದ್ರೆ ಹೋಗಿ ಮಗೂನ ಎತ್ಕೊ" ಎಂದರು. ನಾನು ಸೀರೆಯ ಗಂಟನ್ನೂ ಕಿತ್ತ ಸ್ಟಿಕರಿನ ಚೂರುಗಳನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆಟ್ಟಿಗೆ ಕೀಳುವ ಮಾತು ಮತ್ತೆ ಬರಲಿಲ್ಲ. ಔಷಧಿಯೂ ಕೆಲಸ ಮಾಡಿತು, ಹೊಗೆ ನಿಂತದ್ದೂ ಕೆಲಸ ಮಾಡಿತು, ಎಲ್ಲ ನನ್ನ ಪೆಟ್ಟಿಗೆಯ ಮಹಿಮೆ ಎನ್ನುವಷ್ಟು ಮರುಳು ನಾನಲ್ಲ. ಆದರೆ ಆ ಪೆಟ್ಟಿಗೆ ಇಲ್ಲದಿದ್ದರೆ ಹೊಗೆ ಹೋಗಲು ದಾರಿಯೂ ಇರಲಿಲ್ಲ. ಈಗ ಯಲ್ಲಾಪುರದಲ್ಲಿ ಅವರದೇ ಇನ್ನೊಂದು ಆಸ್ಪತ್ರೆಗೆ ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ಅಲ್ಲಿಯ ಜಾಲರಿಗಳ ಮೇಲೆ ಒಂದಕ್ಷರವೂ ಇಲ್ಲ.

ನಾಲ್ಕನೇ ಕೋಣೆ ಮೊದಲೇ ನೋಡಿ ಬಂದಿದ್ದ ಡಾಕ್ಟರಮ್ಮ ಉಳಿದ ಎರಡು ಕೋಣೆಗಳ ಕಡೆ ಹೋದರು. ನಾನು ಜಾಲರಿಯನ್ನು ತೂತಿಗೆ ಒತ್ತಿ ಕೂರಿಸಿ, ಕುರ್ಚಿ ಸರಿಸಿ ಹೊರಟೆ. ಅಜ್ಜಿ ಆ ಹಳೆಯ ಸೀರೆಯನ್ನು ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

"ತಂಗೀ, ಬಾ ಇಲ್ಲಿ, ಕುತ್ಗ" ಎಂದರು. ಕೂತೆ. "ಒಂದು ಕೇಳ್ತಿ, ಸಮಾ ಹೇಳವು ನೀನು. ಕೋಣೆ ಪೂರ್ತಿ ಮುಚ್ಚಿ, ಒಳಗೆ ಕೆಂಡ ಇಟ್ಟರೆ ಎಂತಾಗ್ತು?"

ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಕೆಂಡದಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಏಳುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಮಲಗಿದವರು ಮಲಗಿದಲ್ಲೇ... ಗೊತ್ತಿದ್ದದ್ದನ್ನು ಯಾರ ಮುಖಕ್ಕಾದರೂ ಹೇಳಿಬಿಡುವವಳು ನಾನು. ಆವತ್ತು ಹೇಳಲಿಲ್ಲ. ನನ್ನ ಮುಖದಲ್ಲೇ ಅಜ್ಜಿ ಓದಿಕೊಂಡಿರಬೇಕು.

"ಯನ್ನ ಚೊಚ್ಚಲದ್ದು ಹೆಣ್ಣು. ಇಂಥದೇ ಚಳಿ. ಥಂಡಿ ಆಗ್ತು ಹೇಳಿ ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟು, ಬಾಗಿಲ ಸಂದಿ, ಕಿಟಕಿ ಸಂದಿ, ಎಲ್ಲದಕ್ಕೂ ಬಟ್ಟೆ ತುರುಕಿದ್ದು. ಆನೇ ತುರುಕಿದ್ದು, ಈ ಕೈಲ್ಲೇ. ಬೆಳಗಾಗಪ್ಪಗ ಯಂಗೆ ಎಚ್ಚರಾತು, ಪಕ್ಕದ ಕೂಸಿಗೆ ಆತಿಲ್ಲೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಗಾಳಿ ಹೊಕ್ತು, ಗಾಳಿ ಹೊಕ್ತು." ಸೀರೆಯ ಅಂಚನ್ನು ಬೆರಳಲ್ಲಿ ತಿರುವಿದರು. "ಗಾಳಿ ಹೊಕ್ಕಿದ್ದಲ್ಲ, ಅಲ್ದಾ? ಗಾಳಿನೇ ಇತ್ತಿಲ್ಲೆ."

ಅವರ ಕೈ ಹಿಡಿದುಕೊಂಡೆ. "ಅಜ್ಜಿ, ನಿಮಗೆ ಗೊತ್ತಿರ್ಲಿಲ್ಲ" ಎಂದೆ.

"ಈಗ ಗೊತ್ತಾತಲೆ" ಎಂದರು.

ಅಳಲಿಲ್ಲ. ಮಲಗಿದ್ದ ಮೊಮ್ಮಗಳ ಹೊದಿಕೆ ಸರಿ ಮಾಡಿ, ಎದ್ದು, ಗೋಡೆ ಹಿಡಿದುಕೊಂಡು ನಾಲ್ಕನೇ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಅಲ್ಲಿ ಮುಂಡಗೋಡ ಕಡೆಯ ಇನ್ನೊಬ್ಬ ಅಜ್ಜಿ, ಡಾಕ್ಟರಮ್ಮ ನೋಡಿ ಹೋದರೆಂದು ತಲೆದೆಸೆಯ ತೂತಿಗೆ ಮತ್ತೆ ಬಟ್ಟೆ ಗಿಡಿದು ಆಗಷ್ಟೇ ಸ್ಟೂಲಿನಿಂದ ಇಳಿಯುತ್ತಿದ್ದರು. ನಮ್ಮ ಅಜ್ಜಿ ಅದೇ ಸ್ಟೂಲು ಹತ್ತಿ ಬಟ್ಟೆಗೆ ಕೈ ಹಾಕಿದರು.

"ಯವ್ವಾ, ಅದನ್ಯಾಕ ತೆಗೀತೀರಿ? ಗಾಳಿ ಬರ್ತೈತ್ರೀ!" ಎಂದು ಅವರು ಕೂಗಿಕೊಂಡರು.

"ಬರ್ಲಿ" ಎಂದು ಅಜ್ಜಿ ಬಟ್ಟೆ ಎಳೆದರು.